ಗಾಜಿನ ಮೇಲಣ ಸುಣ್ಣದ ಹನಿ

ನಾರಾಯಣಪುರದ ಬಸವಸಾಗರದಿಂದ ಹರಿದುಬರುವ ಕಾಲುವೆಯ ನೀರು ಈ ಸೀಮೆಯ ಹೊಲಗಳನ್ನು ತಣಿಸುತ್ತದೆ. ಭೀಮರಾಯನಗುಡಿಯಲ್ಲಿ ನನ್ನ ಹಳೆಯ ಕಾರಿಗೆ ದೊರೆಯುವುದು ಮಾತ್ರ ಕೊಳವೆಬಾವಿಯ ಗಡಸು ನೀರು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕಾರನ್ನು ತೊಳೆದು, ಬಿಸಿಲಿಗೆ ತಾನೇ ಒಣಗೀತೆಂದು ಬಿಟ್ಟುಬಿಟ್ಟೆ.

ಅಂದು ಸಂಜೆ ರೋಗಿಯೊಬ್ಬರನ್ನು ಕಂಡು ಹಿಂದಿರುಗುವಾಗ ಇಳಿಬಿಸಿಲು ಎದುರಿನಿಂದ ಬಿತ್ತು. ಮುಂಗಾಜಿನ ತುಂಬ ಬಿಳಿಯ ಚುಕ್ಕೆಗಳು ಹೊತ್ತಿಕೊಂಡಂತೆ ಬೆಳಗಿ, ಮುಂದಿದ್ದ ಎತ್ತಿನ ಬಂಡಿ ಕಾಣಲೇ ಇಲ್ಲ. ಕೆಲವೇ ಅಡಿಗಳ ಅಂತರದಲ್ಲಿ ಬ್ರೇಕು ಹಿಡಿಯಿತು. ಬಂಡಿಯ ಹಿಂದೆ ಕುಳಿತಿದ್ದ ಮಗು ನನ್ನನ್ನು ನೋಡಿ ನಕ್ಕಿತು. ನನ್ನ ಕೈಗಳು ನಡುಗುತ್ತಿದ್ದವು.

ಮರುದಿನ ಒಣಬಟ್ಟೆಯಿಂದ ಚುಕ್ಕೆಗಳನ್ನು ಉಜ್ಜಿದೆ. ಧೂಳು ಸೇರಿ ಬಣ್ಣದ ಮೇಲೆ ಗೀರುಗಳು ಮೂಡಿದವೇ ಹೊರತು ಅವು ಕದಲಲಿಲ್ಲ. ಅಡುಗೆಯ ತಾಯಿ ನೋಡಿ, "ಹಂಡ್ಯಾಗ ಕಟ್ಟೂದೂ ಇದೇ ಸುಣ್ಣ ಅಲ್ಲೇನ್ರೀ ಫಾದರ್?" ಎಂದರು. ನಿಜವೇ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿಯಿದ್ದಲ್ಲೇ ಉಳಿಯುತ್ತವೆ. ವಿನೆಗರಿಗೆ ಸಮಪ್ರಮಾಣದ ನೀರು ಬೆರೆಸಿ ಗಾಜಿಗೆ ಒತ್ತಿ, ಕೂಡಲೇ ತೊಳೆದ ಮೇಲೆ ಚುಕ್ಕೆಗಳು ಬಿಟ್ಟವು. ಗೀರುಗಳು ಇಂದಿಗೂ ಇವೆ.

ಈಗ ಸೂರ್ಯೋದಯಕ್ಕೆ ಮುನ್ನ, ಲೋಹ ತಣ್ಣಗಿರುವಾಗಲೇ ತೊಳೆಯುತ್ತೇನೆ. ಕೊನೆಯ ನೀರನ್ನು ಚಿಮುಕಿಸದೆ ಮೇಲಿನಿಂದ ನಿಧಾನವಾಗಿ ಸುರಿದರೆ ಅದು ಪರದೆಯಂತೆ ಜಾರಿ, ಹೆಚ್ಚಿನ ಹನಿಗಳನ್ನು ತನ್ನೊಡನೆ ಒಯ್ಯುತ್ತದೆ. ಉಳಿದುದನ್ನು ಮೈಕ್ರೋಫೈಬರ್ ಬಟ್ಟೆಯನ್ನು ಅಗಲವಾಗಿ ಹರಡಿ, ಉಜ್ಜದೆ, ಮೆಲ್ಲನೆ ಎಳೆದು ತೆಗೆಯುತ್ತೇನೆ. ಪಕ್ಕದ ಕನ್ನಡಿಗಳ ಸಂದಿಯಲ್ಲಿ ಅಡಗಿದ ನೀರು ಮಾತ್ರ, ಬಟ್ಟೆಯನ್ನು ಹಿಂಡಿ ಹರವಿದ ಮೇಲೆಯೇ ತೊಟ್ಟಿಕ್ಕುತ್ತದೆ. ಅದಕ್ಕಾಗಿ ಇನ್ನೊಂದು ಬಟ್ಟೆಯನ್ನು ಹೆಗಲ ಮೇಲಿಟ್ಟುಕೊಂಡು ಕಾಯುತ್ತೇನೆ.