ಭಾಗ 6: ಸತ್ತ ಹುಳ ಕೊಟ್ಟ ಸಾಕ್ಷಿ

ವೋಚರ್ ಇಲ್ದೆ ಎಂಟ್ರಿ ಇಲ್ಲ, ಬಿಕಾಂನವರಿಗೆ ಇದು ಬಾಯಿಪಾಠ. ಮ್ಯೂಸಿಯಂನಲ್ಲಿ ಪಿನ್ ಚುಚ್ಚಿ ಇಟ್ಟ ಹುಳಕ್ಕೂ ವಿಜ್ಞಾನಿಗಳು ‘ವೋಚರ್’ ಅಂತಾನೇ ಅಂತಾರೆ, ಗೊತ್ತಾ? ಕೆಳಗಿನ ಚೀಟಿಯಲ್ಲಿ ಎಲ್ಲಿ, ಯಾವಾಗ, ಯಾರು ಹಿಡಿದದ್ದು ಅಂತ ಬರೆದಿರುತ್ತೆ.

ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ರೆಕ್ಕೆ ಇಲ್ಲದ ದೊಡ್ಡ ಕಡ್ಡಿಹುಳ ಇತ್ತು. 1918ರಲ್ಲಿ ಮಕಾಂಬೊ ಅನ್ನೋ ಹಡಗು ಅಲ್ಲಿ ನೆಲಕ್ಕೆ ತಾಗಿ ನಿಂತಾಗ ಇಲಿಗಳು ದ್ವೀಪಕ್ಕೆ ಇಳಿದವು. ಕೆಲವೇ ವರ್ಷಗಳಲ್ಲಿ ಹುಳ ಮಾಯ. ಉಳಿದದ್ದು ಮ್ಯೂಸಿಯಂ ಡ್ರಾಯರ್‌ನಲ್ಲಿ ಮಾತ್ರ.

2001ರಲ್ಲಿ ಅಲ್ಲಿಂದ ಸುಮಾರು 23 ಕಿ.ಮೀ. ದೂರದ ಬಾಲ್ಸ್ ಪಿರಮಿಡ್ ಬಂಡೆ ಮೇಲೆ, ಪೊದೆಯ ಬುಡದಲ್ಲಿ ಅಂಥದೇ ಹುಳ ಸಿಕ್ತು. ಆದ್ರೆ ನೋಡೋಕೆ ಸ್ವಲ್ಪ ಬೇರೆ. ಅದೇನಾ, ಬೇರೆ ಜಾತಿನಾ? ಬೇರೆ ಆಗಿದ್ರೆ, ದ್ವೀಪದ ಹುಳವನ್ನ ವಾಪಸ್ ತಂದೆವು ಅನ್ನೋ ಹಾಗಿಲ್ಲ.

2017ರಲ್ಲಿ ಮ್ಯೂಸಿಯಂನ ಒಣ ಹುಳಗಳ ಡಿಎನ್‌ಎ ಜೊತೆ ತಾಳೆ ಹಾಕಿದ್ರು. ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ಅದೇ ಹುಳ! 2019ರಲ್ಲಿ ದ್ವೀಪದ ಇಲಿಗಳನ್ನ ತೆಗೆಯೋ ಕೆಲಸವೂ ನಡೀತು.

ಚೀಟಿ ಬರೆದಿಟ್ಟವರಿಗೆ ಡಿಎನ್‌ಎ ಅಂದ್ರೇನು ಅಂತಲೇ ಗೊತ್ತಿರ್ಲಿಲ್ಲ. ಆದ್ರೂ ನೀಟಾಗಿ ಬರೆದಿಟ್ರು.

ನಿಮ್ಮ ಕಾಲೇಜಿನ ಝುವಾಲಜಿ ಲ್ಯಾಬಲ್ಲಿ ಹಳೇ ಹುಳದ ಪೆಟ್ಟಿಗೆ ಇದ್ಯಾ? ಚೀಟಿ ಓದಿ ನೋಡಿ. ಯಾರಾದ್ರೂ ಎಸೀತೀವಿ ಅಂದ್ರೆ ತಡೀರಿ.