ಕಲ್ಲಿನ ನೆತ್ತಿಯ ಗುರುತುಗಳು

ಚೆನ್ನೈನ ನಂದಂಬಾಕ್ಕಂನಲ್ಲಿ ಎರಡನೇ ಮಹಾಯುದ್ಧದಲ್ಲಿ ಮಡಿದವರ ಸ್ಮಶಾನವಿದೆ. ಅಲ್ಲಿ ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ನೆತ್ತಿಯಲ್ಲಿ ರೆಜಿಮೆಂಟಿನ ಬ್ಯಾಡ್ಜು, ನಡುವೆ ಹೆಸರು, ತಾರೀಖು, ಕೆಳಗೆ ಶಿಲುಬೆ. ಯೆಹೂದಿಯಾದರೆ ಆರು ಮೂಲೆಯ ನಕ್ಷತ್ರ. ಬೇರೆಡೆಯ ಇಂಥದೇ ಸ್ಮಶಾನಗಳಲ್ಲಿ ಹಿಂದೂ ಸೈನಿಕರ ಕಲ್ಲುಗಳ ಮೇಲೆ ಓಂಕಾರವಿದೆ. 1917ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯುದ್ಧಸಮಾಧಿ ಆಯೋಗ ಹಾಕಿಕೊಟ್ಟ ಪದ್ಧತಿ ಇದು. ಆ ಸ್ಮಶಾನ ನೋಡಿ ಬಂದಾಗಿನಿಂದ ನಮ್ಮ ಸೀಮೆಯ ವೀರಗಲ್ಲುಗಳ ಗುರುತುಗಳನ್ನೂ ಅಷ್ಟೇ ನಿಗಾದಿಂದ ಓದಬೇಕೆಂಬ ಆಸೆ ಹತ್ತಿತ್ತು. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ ಹರಪನಹಳ್ಳಿ ಸೇರುವ ದಾರಿ ಹಿಡಿದೆ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಆಯುಧ ಹಿಡಿಯದೆ ಹೋರಾಡಿದವನಿಗೆ ಕೈಮುಗಿದು, ಆಯುಧ ಹಿಡಿದು ಸತ್ತವರನ್ನು ಹುಡುಕಿಕೊಂಡು ಗುಡೇಕೋಟೆಯ ದಿಕ್ಕಿಗೆ ತಿರುಗಿದೆ. ಇದು ಪಾಳೆಯಗಾರರ ಸೀಮೆ. ಬಂಡೆಗುಡ್ಡಗಳ ನಡುವಿನ ಒಂದು ಊರಿನ ಅಗಸೆಯ ಬಳಿ ಮಾಸ್ತಿಕಲ್ಲು ಸಿಕ್ಕಿತು. ಕಂಬದಿಂದ ಚಾಚಿಕೊಂಡ ಒಂದು ತೋಳು, ಮೊಣಕೈಯಲ್ಲಿ ಮಡಚಿ ಮೇಲಕ್ಕೆತ್ತಿದ ಹಸ್ತ, ಬೆರಳುಗಳ ನಡುವೆ ನಿಂಬೆಹಣ್ಣು, ಕೈತುಂಬ ಬಳೆ. ಗಂಡ ಸತ್ತರೂ ಬಳೆ ಒಡೆಯಲಿಲ್ಲ, ಮುತ್ತೈದೆಯಾಗಿಯೇ ಬೆಂಕಿಗೆ ಹೋದಳು ಎಂದು ಶಿಲ್ಪಿ ಹೇಳುತ್ತಿದ್ದಾನೆ. ಆ ಬಳೆಗಳ ನಯಗೆಲಸವನ್ನು ಮೆಚ್ಚಲು ನನಗೆ ಮನಸ್ಸು ಬರಲಿಲ್ಲ. ಯುದ್ಧ ಕೊಂದದ್ದು ಒಬ್ಬನನ್ನು, ಊರು ಕಳೆದುಕೊಂಡದ್ದು ಇಬ್ಬರನ್ನು.

ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ದರ್ಶನ, ಮಂಡಕ್ಕಿ ಮಿರ್ಚಿ. ಅಲ್ಲಿಂದ ಅಂಬಳಿಯ ಕಲ್ಲೇಶ್ವರ ಗುಡಿಗೆ ಹೋಗಿ, ಕಲ್ಯಾಣದ ಚಾಲುಕ್ಯರ ಕಾಲದ ಕೆತ್ತನೆ ನೋಡಿಕೊಂಡು ಮುಂದೆ ನಡೆದೆ.

ಹಗರಿಬೊಮ್ಮನಹಳ್ಳಿ ತಾಲೂಕಿನ ಕೋಗಳಿ ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ನಾಡಿನ ಮುಖ್ಯ ಊರು, ದೊಡ್ಡ ಜೈನ ಕೇಂದ್ರ. ಅಲ್ಲಿನ ಬಸದಿಯ ಮುಂದೆ ನಿಂತಾಗ ಕಲ್ಲಿನ ನೆತ್ತಿಯ ಗುರುತು ಎಷ್ಟು ಮಾತಾಡುತ್ತದೆ ಎಂಬುದು ಮನದಟ್ಟಾಯಿತು. ಸತ್ತವನು ಶಿವಭಕ್ತನಾಗಿದ್ದರೆ ವೀರಗಲ್ಲಿನ ಮೇಲಿನ ಅಂಕಣದಲ್ಲಿ ಲಿಂಗ, ನಂದಿ, ಗಂಟೆ ಹಿಡಿದ ಪೂಜಾರಿ. ಜೈನನಾಗಿದ್ದರೆ ಅದೇ ಜಾಗದಲ್ಲಿ ಪದ್ಮಾಸನ ಹಾಕಿ ಕುಳಿತ ಜಿನ, ತಲೆಯ ಮೇಲೆ ಮುಕ್ಕೊಡೆ. ಕೆಳಗಿನ ಕಾಳಗ ಇಬ್ಬರಿಗೂ ಒಂದೇ. ಕತ್ತಿ, ಗುರಾಣಿ, ಬಿಲ್ಲು, ಬಿದ್ದ ಹೆಣಗಳಲ್ಲಿ ಮತಭೇದವಿಲ್ಲ. ಬೇರೆಯಾಗುವುದು ಸತ್ತ ಮೇಲೆ ಸೇರುವ ಲೋಕ ಮಾತ್ರ. ನೆತ್ತಿಯ ಸೂರ್ಯಚಂದ್ರರು ಮತ್ತೆ ಇಬ್ಬರಿಗೂ ಸಮಾನ: ಅವರಿರುವ ತನಕ ಈ ಹೆಸರೂ ಇರಲಿ ಎಂದು.

ಹಡಗಲಿಯ ದಾರಿಯಲ್ಲಿ ಮಲ್ಲಿಗೆ ತೋಟಗಳು. ಒಂದು ಹಳ್ಳಿಯ ಹನುಮಪ್ಪನ ಗುಡಿಯ ಪಕ್ಕದಲ್ಲಿ, ಬೇವಿನ ಬುಡಕ್ಕೆ ಒರಗಿ ನಿಂತ ಕಲ್ಲೊಂದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಎದೆಮಟ್ಟದ ಕಲ್ಲು, ಮೂರು ಅಂಕಣ. ತಳದಲ್ಲಿ ಹಸುಗಳ ಸಾಲು. ಜಾಗ ಸಾಲದೆ ಶಿಲ್ಪಿ ಒಂದು ಹಸುವನ್ನು ಪೂರ್ತಿ ಕಡೆದು, ಹಿಂದಿನವಕ್ಕೆ ಬರೀ ಮುಖ, ಕೊಂಬು ಕೊಟ್ಟಿದ್ದಾನೆ. ಅಂದರೆ ಇದು ತುರುಗೋಳಿನ ಕಲ್ಲು. ಕಳ್ಳರು ಹೊಡೆದುಕೊಂಡು ಹೊರಟ ದನಗಳನ್ನು ಬಿಡಿಸಲು ಹೋಗಿ ಸತ್ತವನು. ಬಿಲ್ಲು ಎಳೆದು ನಿಂತ ಅವನ ತುರುಬು ಹಿಂದಕ್ಕೆ ವಾಲಿದೆ, ಒಂದು ಬಾಣ ಆಗಲೇ ತೊಡೆಗೆ ನಾಟಿದೆ. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ಅವನ ತೋಳಿಗೆ ತೋಳು ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಇಲ್ಲಿ ಬಿಲ್ಲು ಇಲ್ಲ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನ ಸೊಂಟದಲ್ಲಿ ಕಠಾರಿಯೂ ಇಲ್ಲ. ಕುದುರೆ ಇಲ್ಲ, ಕೊಡೆ ಹಿಡಿದ ಆಳಿಲ್ಲ, ಆದ್ದರಿಂದ ನಾಯಕನಲ್ಲ. ಊರಿನ ಒಬ್ಬ ಸಾಮಾನ್ಯ. ಅಕ್ಷರ ಒಂದೂ ಇಲ್ಲ, ಆದರೂ ಇಷ್ಟು ತಿಳಿಯುತ್ತದೆ.

ಕುಂಕುಮ ಹಚ್ಚಲು ಬಂದ ಅಜ್ಜಿಯನ್ನು ಕೇಳಿದೆ, "ಇದು ಯಾವ ದೇವರಬೇ ಯಮ್ಮಾ?"

"ದನ ಕಾಯೋ ಅಪ್ಪ ಐದಾನಪ್ಪ. ಆಕಳು ಕರು ಹಾಕಿದ್ರ ಮೊದಲನೇ ಗಿಣ್ಣ ಇವಗ," ಎಂದರು.

ಸೈನ್ಯದ ಬ್ಯಾಡ್ಜಿಗೆ ಸಿಗದ ಮರ್ಯಾದೆ ಇದು. ಹೆಸರು ಅಳಿದರೂ ಕೆಲಸ ಊರಿನ ನೆನಪಿನಲ್ಲಿ ನಿಂತಿದೆ.

ಹರಪನಹಳ್ಳಿ ತಲುಪಿ ಮರುದಿನ ಬಾಗಳಿಗೆ ಹೋದೆ. ಅಲ್ಲಿನ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲದಿಂದ ಚಾಲುಕ್ಯ ತೈಲಪನ ಕಾಲದವರೆಗೆ, ಹತ್ತನೇ ಶತಮಾನದಲ್ಲಿ ಬೆಳೆದದ್ದು. ಆವರಣದ ಶಾಸನಗಲ್ಲುಗಳ ಮೇಲೂ ಗುರುತುಗಳ ಭಾಷೆ ನಡೆದಿದೆ. ದಾನಶಾಸನವಾದರೆ ನೆತ್ತಿಯಲ್ಲಿ ಲಿಂಗದ ಜೊತೆ ಆಕಳು ಕರು, ಕತ್ತಿ. ವೀರಗಲ್ಲಿನ ಹಸು ಕಾದಾಟದ ಕಾರಣ. ದಾನಗಲ್ಲಿನ ಹಸು ಕರುವಿಗೆ ಹಾಲೂಡುತ್ತದೆ. ಒಂದೇ ಪ್ರಾಣಿ, ಎರಡು ಅರ್ಥ. ಯಾವ ಆಯೋಗವೂ ಸುತ್ತೋಲೆ ಕಳಿಸದೆ ಶಿಲ್ಪಿಗಳು ನೂರಾರು ವರ್ಷ ಈ ಕಟ್ಟುಪಾಡನ್ನು ಪಾಲಿಸಿಕೊಂಡು ಬಂದರು. ಅದರೊಳಗೇ ಪ್ರತಿಯೊಬ್ಬನೂ ತನ್ನ ಕೈಚಳಕ ತೋರಿದ. ನಂದಂಬಾಕ್ಕಂನ ಸಮಾನತೆಯನ್ನು ಗೌರವಿಸುತ್ತೇನೆ. ಆದರೆ ಒಬ್ಬೊಬ್ಬನೂ ಹೇಗೆ, ಯಾತಕ್ಕೆ ಸತ್ತ ಎಂದು ತಿಳಿಸುವುದರಲ್ಲಿ ನಮ್ಮ ಕಲ್ಲುಗಳೇ ಮೇಲು.

ಈ ಸೀಮೆಯ ಕಲ್ಲುಗಳ ವಿವರ ಹುಡುಕುವವರಿಗೆ ಒಂದು ತೊಡಕಿದೆ. 1953ರವರೆಗೆ ಇದು ಮದ್ರಾಸು ಆಡಳಿತದಲ್ಲಿತ್ತು. ಹಾಗಾಗಿ ಹಳೆಯ ಶಾಸನಪಾಠಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೇ ಸಂಪುಟದಲ್ಲಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಅಕ್ಷರವಿಲ್ಲದ ಕಲ್ಲುಗಳಿಗಂತೂ ಶಾಸನ ಸಂಪುಟಗಳಲ್ಲಿ ಜಾಗ ಸಿಗುವುದು ಕಷ್ಟ.

ಊರಿನ ಹಿರಿಯರಲ್ಲಿ, ಗುಡಿ ಜೀರ್ಣೋದ್ಧಾರ ಮಾಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಕಲ್ಲುಗಳಿಗೆ ಆಯಿಲ್ ಪೇಂಟ್ ಬಳಿಯಬೇಡಿ, ಕಟ್ಟೆಯ ಸಿಮೆಂಟಿನಲ್ಲಿ ಅರ್ಧ ಹೂಳಬೇಡಿ. ಕುಂಕುಮ ತೊಳೆದರೆ ಹೋಗುತ್ತದೆ. ಪೇಂಟು ಕೆರೆದರೆ ಕೆತ್ತನೆಯೂ ಹೋಗುತ್ತದೆ. ಪಾಯ ತೋಡುವಾಗ ಕಲ್ಲು ಸಿಕ್ಕರೆ ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ.