ಒಡಕು ದನಿ

ತಡಸದಲ್ಲಿ ನಮ್ಮವ್ವ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು. ಒಮ್ಮೆ ಆಕೆ ಮೆಚ್ಚಿ ಎತ್ತಿಕೊಂಡ ಗಡಿಗೆಯನ್ನು ಕುಂಬಾರಜ್ಜನೇ ಇಸಿದುಕೊಂಡು, "ಅದು ಬ್ಯಾಡ ತಂಗಿ, ಒಡಕ ದನಿ ಐತಿ" ಎಂದು ಬೇರೆಯದನ್ನು ಕೊಟ್ಟ. ಗುಣಮಟ್ಟದ ಪಾಠ ಅಲ್ಲಿಗೇ ಮುಗಿದಿತ್ತು. ಅದು ನನ್ನ ತಲೆಗೆ ಹತ್ತಲು ಮೂವತ್ತು ವರ್ಷ ಹಿಡಿಯಿತು.

ಮುಂದೆ ನಾನು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದೆ. ಐ.ಎಸ್.ಓ. 9000 ಮಾನದಂಡಗಳು 1994ರಲ್ಲಿ ಪರಿಷ್ಕರಣೆಗೊಂಡು, ಪ್ರಮಾಣಪತ್ರಕ್ಕಾಗಿ ಎಲ್ಲರೂ ಓಡಾಡುತ್ತಿದ್ದ ಕಾಲ. ನಮ್ಮಲ್ಲೂ ಗೋಡೆಗೆ ಫಲಕ, ಮೇಜಿಗೆ ರಿಜಿಸ್ಟರು ಬಂದವು. ದಿನಕ್ಕೆ ಎಷ್ಟು ತಪ್ಪು ಎಂದು ಬರೆಯಬೇಕು. ಅಂಕಿ ಇಳಿದರೆ ಗುಣಮಟ್ಟ ಏರಿತೆಂದು ಲೆಕ್ಕ.

ಒಂದು ಸಂಜೆ, ಲಾರಿ ಬಾಗಿಲಲ್ಲಿ ನಿಂತಿದ್ದಾಗ, ಲೇತಿನ ಹುಡುಗನೊಬ್ಬ ಬಂದು, "ಸಾಹೇಬ್ರ, ಇದು ಗೇಜಿನ್ಯಾಗ ಹೋಗವಲ್ದ್ರೀ" ಎಂದ. ನನಗೋ ಊರಿನ ಬಸ್ಸಿನ ಚಿಂತೆ. "ಇರ್ಲಿ ಬಿಡಪಾ, ನಡೀತೈತಿ" ಎಂದು ಸಹಿ ಹಾಕಿದೆ. ಅವನು ಮತ್ತೆಂದೂ ನನ್ನ ಮೇಜಿನ ಹತ್ತಿರ ಬರಲಿಲ್ಲ. ಅವನನ್ನು ನೋಡಿ ಉಳಿದವರೂ ಬರಲಿಲ್ಲ. ರಿಜಿಸ್ಟರಿನ ಅಂಕಿ ಇಳಿಯಿತು. ನನಗೆ ಶಾಲು ಹೊದಿಸಿದರು. ಮುಂದಿನ ತಿಂಗಳು ಆ ಮಾಲು ಪೂರ್ತಿ ಹಿಂದಕ್ಕೆ ಬಂತು. ಬೈಗುಳ ತಿಂದವನು ಆ ಹುಡುಗ. ನಾನು ಬಾಯಿ ಬಿಡಲಿಲ್ಲ.

ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಅಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನಮ್ಮ ದೇಶದ ಮಾನದಂಡಗಳಲ್ಲಿ ಮೊದಲ ಸಂಖ್ಯೆಯಾದ ಐ.ಎಸ್. 1 ಧ್ವಜಕ್ಕೇ ಸಂದದ್ದು, 1951ರಲ್ಲಿ. ಉದ್ದ ಅಗಲ 3:2 ಇರಬೇಕು. ಚಕ್ರದ 24 ಅರೆಗಳು ಬಟ್ಟೆಯ ಎರಡೂ ಬದಿ ಒಂದಕ್ಕೊಂದು ಕೂಡಬೇಕು. ಇವಕ್ಕೆಲ್ಲ ಅಳತೆಯುಂಟು. ಆದರೆ ಹೊಲಿಯುವಾಕೆ ಮಷಿನ್ನು ನಿಲ್ಲಿಸಿ "ಇದು ಸರಿ ಇಲ್ಲ" ಎನ್ನುವ ಧೈರ್ಯಕ್ಕೆ ಯಾವ ಅಳತೆಪಟ್ಟಿ? ಅದಿಲ್ಲದೆ ಉಳಿದ ಅಳತೆಗಳು ಕಾಗದದಲ್ಲೇ ಉಳಿಯುತ್ತವೆ.

ಕೆಲಸದ ಜಾಗದ ಗುಣಸಂಸ್ಕೃತಿ ಅಳೆಯುತ್ತೇವೆಂದು ಈಗಲೂ ಪ್ರಶ್ನಾವಳಿ ಹಂಚುವವರಿದ್ದಾರೆ. ನಾನಾದರೆ ಎರಡೇ ಪ್ರಶ್ನೆ ಕೇಳುತ್ತೇನೆ. ತನ್ನ ಕೈಯ ತಪ್ಪನ್ನು ತಾನೇ ತಂದು ತೋರಿಸಿದವರು ಈ ತಿಂಗಳು ಎಷ್ಟು ಮಂದಿ? ಆಮೇಲೆ ಅವರಿಗೆ ಏನಾಯಿತು? ಮೊದಲನೆಯದಕ್ಕೆ ಉತ್ತರ ಸೊನ್ನೆಯಾದರೆ ಶಾಲು ಹೊದಿಸಬಾರದು, ಹೆದರಬೇಕು.

ಆ ಹುಡುಗನಿಗೂ ಈಗ ತಲೆ ಬೆಳ್ಳಗಾಗಿರಬೇಕು. ಎಲ್ಲಾದರೂ ಸಿಕ್ಕರೆ, "ನೀ ಹೇಳಿದ್ದ ಖರೆ ಇತ್ತಪಾ" ಎನ್ನುವುದೊಂದು ಬಾಕಿ ಉಳಿದಿದೆ.